ವಠಾರ ಕಾಯ್ದ ತಾಯಿ ಆಕ್ಟೇವಿಯಾ ಹಿಲ್

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಹಕಾರದ ದಾರಿ ತೋರಿದ ಹಿರಿಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ. ರಾಬರ್ಟ್ ಓವನ್, ರಾಕ್‌ಡೇಲಿನ ನೇಕಾರರು, ಜರ್ಮನಿಯ ರೈಫೈಸನ್, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರು, ಇವರ ಹೆಸರನ್ನು ಸಹಕಾರ ಸಪ್ತಾಹದ ಭಾಷಣಗಳಲ್ಲಿ ಸದಸ್ಯ ಬಾಂಧವರು ಎಷ್ಟೋ ಸಲ ಕೇಳಿದ್ದೀರಿ. ನಾವು ಇಲ್ಲಿ ಹೇಳಹೊರಟಿರುವುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಾರದ ಒಬ್ಬ ಹೆಣ್ಣುಮಗಳ ಕಥೆ. ಆಕೆ ಯಾವ ಸಹಕಾರ ಸಂಘವನ್ನೂ ರಿಜಿಸ್ಟರ್ ಮಾಡಿಸಲಿಲ್ಲ. ಅಧ್ಯಕ್ಷೆ, ಕಾರ್ಯದರ್ಶಿ ಎಂಬ ಹುದ್ದೆಗಾಗಿ ದುಡಿದವರೂ ಅಲ್ಲ. ಆದರೂ ನಮ್ಮಂಥ ಸಂಘದವರು ಆಕೆಯಿಂದ ಕಲಿಯಬೇಕಾದದ್ದು ಬಹಳವಿದೆ.

ಯಾಕೆ ಅಂದರೆ, ಎಲ್ಲ ಸಂಘಗಳಲ್ಲೂ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಸಂಘದ ಗೋದಾಮಿನ ಹೆಂಚು ಒಡೆದರೆ ಅದು ಯಾರ ಹೆಂಚು? ಎಲ್ಲರದ್ದು ಅಂತ ಬಾಯಲ್ಲಿ ಹೇಳುತ್ತೇವೆ. ಆದರೆ ಎಲ್ಲರದ್ದು ಅಂದ ಮೇಲೆ ಯಾರದ್ದೂ ಅಲ್ಲ ಅನ್ನುವ ಹಾಗೆ ಅದು ಮಳೆಗಾಲ ಮುಗಿಯುವವರೆಗೂ ಸೋರುತ್ತಲೇ ಇರುತ್ತದೆ. ಹಲವರು ಸೇರಿ ವಾಸ ಮಾಡುವ ವಠಾರಗಳಲ್ಲಂತೂ ಈ ಕಷ್ಟ ಇನ್ನೂ ಹೆಚ್ಚು. ಮನೆ ಮಾಲೀಕನದು, ಮೆಟ್ಟಿಲು ಎಲ್ಲರದು, ಚರಂಡಿ ಯಾರದೂ ಅಲ್ಲ. ಈ ಗಂಟನ್ನು ನೂರೈವತ್ತು ವರ್ಷಕ್ಕೂ ಹಿಂದೆ ಲಂಡನ್ ಪಟ್ಟಣದ ಕೊಳಗೇರಿಯಲ್ಲಿ ಬಿಚ್ಚಲು ಕುಳಿತವರು ಆಕ್ಟೇವಿಯಾ ಹಿಲ್.

ಹುಟ್ಟು ಮತ್ತು ಬಾಲ್ಯ

ಆಕ್ಟೇವಿಯಾ ಹುಟ್ಟಿದ್ದು 1838ರ ಡಿಸೆಂಬರ್ 3ರಂದು, ಇಂಗ್ಲೆಂಡಿನ ವಿಸ್ಬೆಕ್ ಎಂಬ ಸಣ್ಣ ಪಟ್ಟಣದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಆಕ್ಟೇವಿಯಾ ಅಂದರೆ ಎಂಟನೆಯವಳು ಎಂದರ್ಥ. ತಂದೆಗೆ ಈಕೆ ಎಂಟನೆಯ ಮಗಳು. ತಂದೆ ಜೇಮ್ಸ್ ಹಿಲ್ ಧಾನ್ಯದ ವ್ಯಾಪಾರಿ, ಬ್ಯಾಂಕಿನ ವ್ಯವಹಾರವನ್ನೂ ಇಟ್ಟುಕೊಂಡಿದ್ದವರು. ಸಹಕಾರಿಗಳಾದ ನಮಗೆ ಸಂತೋಷ ಕೊಡುವ ವಿಷಯವೆಂದರೆ ಅವರು ರಾಬರ್ಟ್ ಓವನ್‌ರ ವಿಚಾರಗಳನ್ನು ಒಪ್ಪಿದವರು. ಊರಿನಲ್ಲಿ ಬಡ ಮಕ್ಕಳಿಗಾಗಿ ಒಂದು ಶಿಶುಶಾಲೆಯನ್ನೂ ನಡೆಸಿದ್ದರು. ತಾಯಿ ಕ್ಯಾರೊಲಿನ್ ಆ ಶಾಲೆಯ ಉಪಾಧ್ಯಾಯಿನಿ.

ಮಗುವಿಗೆ ಎರಡು ವರ್ಷವೂ ತುಂಬುವ ಮೊದಲೇ ಮನೆಗೆ ಕೆಟ್ಟ ಕಾಲ ಬಂತು. 1840ರಲ್ಲಿ ತಂದೆ ದಿವಾಳಿ ಆದರು. ಮನಸ್ಸಿಗೂ ಪೆಟ್ಟು ಬಿದ್ದು ಸಂಸಾರ ನೋಡಿಕೊಳ್ಳುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಆಗ ಕೈ ಹಿಡಿದವರು ತಾಯಿಯ ತಂದೆ ಡಾಕ್ಟರ್ ಸೌತ್‌ವುಡ್ ಸ್ಮಿತ್. ಅವರು ಸಾಮಾನ್ಯ ವೈದ್ಯರಲ್ಲ. ಗಣಿಗಳಲ್ಲಿ ಚಿಕ್ಕ ಮಕ್ಕಳನ್ನು ದುಡಿಸುವುದರ ವಿರುದ್ಧ ವರದಿ ಕೊಟ್ಟವರು, ಪಟ್ಟಣದ ಬಡವರ ಕೇರಿಗಳಲ್ಲಿ ಜ್ವರ ಹಬ್ಬುವುದಕ್ಕೂ ಕೊಳಕು ಮನೆ, ಕೆಟ್ಟ ಚರಂಡಿಗೂ ಇರುವ ನಂಟನ್ನು ಸರಕಾರಕ್ಕೆ ತೋರಿಸಿಕೊಟ್ಟವರು. ಮನೆ ಕೆಟ್ಟರೆ ಮನುಷ್ಯ ಕೆಡುತ್ತಾನೆ ಎಂಬ ಪಾಠ ಮೊಮ್ಮಗಳಿಗೆ ಅಜ್ಜನ ಮಡಿಲಲ್ಲೇ ಆಯಿತು ಅನ್ನಬಹುದು.

ಆಕ್ಟೇವಿಯಾ ಶಾಲೆಗೆ ಹೋಗಿ ಓದಲಿಲ್ಲ. ತಾಯಿಯೇ ಗುರು. 1852ರಲ್ಲಿ ತಾಯಿಗೆ ಲಂಡನ್ನಿನ ಹೆಂಗಸರ ಒಂದು ಸಹಕಾರಿ ಕರಕುಶಲ ಸಂಘದಲ್ಲಿ ವ್ಯವಸ್ಥಾಪಕಿಯ ಕೆಲಸ ಸಿಕ್ಕಿತು. ಸಂಸಾರ ಅಲ್ಲಿಗೆ ಬಂತು. ಹದಿನಾಲ್ಕರ ಹುಡುಗಿಗೆ ಒಪ್ಪಿಸಿದ ಕೆಲಸ ಏನು ಗೊತ್ತೆ? ಹರಕು ಬಟ್ಟೆಯ ಬಡ ಮಕ್ಕಳು ಬಂದು ಆಟದ ಸಾಮಾನು ಮಾಡುವ ಕೋಣೆಯ ಮೇಲ್ವಿಚಾರಣೆ. ಕೆಲಸ ಹಂಚುವುದು, ಲೆಕ್ಕ ಬರೆಯುವುದು, ಕೂಲಿ ಕೊಡುವುದು ಎಲ್ಲ ಇವಳದೇ. ಯಾವ ಮಗುವಾದರೂ ಬಾರದಿದ್ದರೆ ಮನೆ ಹುಡುಕಿಕೊಂಡು ಹೋಗುತ್ತಿದ್ದಳು. ಬೆಳಕಿಲ್ಲದ ಕೋಣೆ, ಒಂದೇ ಕೋಣೆಯಲ್ಲಿ ಇಡೀ ಸಂಸಾರ, ನೆಲಮಾಳಿಗೆಯಲ್ಲಿ ಒದ್ದೆ ಗೋಡೆ, ಇವನ್ನು ಕಣ್ಣಾರೆ ಕಂಡದ್ದು ಹೀಗೆ. ಸಹಕಾರದ ಅಂಗಳದಲ್ಲೇ ಬಾಲ್ಯ ಕಳೆದು ಲೆಕ್ಕದ ಪುಸ್ತಕ ಹಿಡಿದ ಈ ಹುಡುಗಿಗೆ ಮುಂದೆ ಬಂದ ಕೆಲಸಕ್ಕೆ ಇದಕ್ಕಿಂತ ಒಳ್ಳೆ ತರಬೇತಿ ಇನ್ನೇನು ಬೇಕಿತ್ತು?

ಮೂರು ಮನೆ, ಶೇಕಡಾ ಐದು

ಆ ಸಂಘದ ಮೂಲಕವೇ ಆಕೆಗೆ ಜಾನ್ ರಸ್ಕಿನ್ ಎಂಬ ಹೆಸರಾಂತ ಬರಹಗಾರರ ಪರಿಚಯವಾಯಿತು. ಈ ರಸ್ಕಿನ್ ಬೇರೆ ಯಾರೂ ಅಲ್ಲ. ಯಾರ ಪುಸ್ತಕವನ್ನು 1904ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ಓದಿ ನಮ್ಮ ಗಾಂಧೀಜಿಯವರು ಬದುಕನ್ನೇ ಬದಲಿಸಿಕೊಂಡರೋ, ಆಮೇಲೆ ಸರ್ವೋದಯ ಎಂಬ ಹೆಸರಿನಲ್ಲಿ ಅದರ ಸಾರವನ್ನು ಗುಜರಾತಿಗೆ ಇಳಿಸಿದರೋ, ಅದೇ ರಸ್ಕಿನ್. ಆಕ್ಟೇವಿಯಾ ಸುಮಾರು ಹತ್ತು ವರ್ಷ ಅವರಿಗೆ ಚಿತ್ರಗಳ ಪ್ರತಿ ತೆಗೆದುಕೊಡುವ ಕೆಲಸ ಮಾಡಿದರು. ಜೊತೆಗೆ ತಾಯಿ, ಅಕ್ಕತಂಗಿಯರ ಸಂಗಡ ಒಂದು ಸಣ್ಣ ಶಾಲೆಯನ್ನೂ ನಡೆಸುತ್ತಿದ್ದರು.

1864ರಲ್ಲಿ ರಸ್ಕಿನ್‌ರ ತಂದೆ ತೀರಿಕೊಂಡು ಮಗನಿಗೆ ದೊಡ್ಡ ಆಸ್ತಿ ಬಂತು. ಬಡವರ ಮನೆಗಳ ಬಗ್ಗೆ ಆಕ್ಟೇವಿಯಾ ಹೇಳುತ್ತಿದ್ದ ಮಾತು ಅವರ ಮನಸ್ಸಿನಲ್ಲಿತ್ತು. 1865ರಲ್ಲಿ ಲಂಡನ್ನಿನ ಮೇರಿಲ್‌ಬೋನ್ ಭಾಗದಲ್ಲಿ ಪ್ಯಾರಡೈಸ್ ಪ್ಲೇಸ್ ಎಂಬ ಗಲ್ಲಿಯ ಮೂರು ಮನೆಗಳ ಭೋಗ್ಯದ ಹಕ್ಕನ್ನು 750 ಪೌಂಡ್ ಕೊಟ್ಟು ಕೊಂಡು ಆಕೆಯ ಕೈಗೆ ಒಪ್ಪಿಸಿದರು. ಆಗಿನ ಲೆಕ್ಕದಲ್ಲಿ ಅದು ಏಳೂವರೆ ಸಾವಿರ ರೂಪಾಯಿ ಆಗಬಹುದು. ಒಂದೊಂದು ಮನೆಯಲ್ಲಿ ಆರು ಕೋಣೆ. ಗಲ್ಲಿಯ ಹೆಸರೇನೋ ಸ್ವರ್ಗ, ಒಳಗೆ ಹೋಗಿ ನೋಡಿದರೆ ಸಾಕ್ಷಾತ್ ನರಕ.

ರಸ್ಕಿನ್ ಒಂದು ಷರತ್ತು ಹಾಕಿದರು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 5 ಬರಬೇಕು. ದುಡ್ಡಿನ ಆಸೆಗಲ್ಲ. ಧರ್ಮಕ್ಕೆ ಕೊಟ್ಟ ಮನೆ ಅಂದರೆ ಕೊಟ್ಟವರು ದಣಿದಾಗ ಕೆಲಸ ನಿಲ್ಲುತ್ತದೆ. ಬಡವರ ಮನೆಯನ್ನು ಚೆನ್ನಾಗಿಟ್ಟೂ ನ್ಯಾಯವಾದ ಬಡ್ಡಿ ಹುಟ್ಟಿಸಬಹುದು ಅಂತ ತೋರಿಸಿದರೆ ಬೇರೆ ಸಾಹುಕಾರರೂ ಮುಂದೆ ಬರುತ್ತಾರೆ, ಇದು ಅವರ ಲೆಕ್ಕಾಚಾರ. ಐದಕ್ಕಿಂತ ಹೆಚ್ಚು ಬಂದದ್ದೆಲ್ಲ ಬಾಡಿಗೆದಾರರ ಅನುಕೂಲಕ್ಕೇ ಖರ್ಚಾಗಬೇಕು. ನಮ್ಮ ಸಹಕಾರ ಸಂಘಗಳಲ್ಲಿ ಷೇರಿನ ಮೇಲಿನ ಡಿವಿಡೆಂಡಿಗೆ ಮಿತಿ ಹಾಕುವುದೂ ಇದೇ ತತ್ತ್ವದ ಮೇಲೆ ಎಂಬುದನ್ನು ಸದಸ್ಯರು ಗಮನಿಸಬೇಕು.

ಮನೆಗಳು ಆಕೆಯ ಕೈಗೆ ಬಂದಾಗ ಗೋಡೆಯ ಗಾರೆ ಉದುರುತ್ತಿತ್ತು. ಸೂರು ಸೋರುವ ಕಡೆ ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟಿದ್ದರು. ಮೆಟ್ಟಿಲಿನ ಕಟಕಟೆಯ ಮರವನ್ನು ಚಳಿಗಾಲದಲ್ಲಿ ಕಿತ್ತು ಉರಿಸಿಬಿಟ್ಟಿದ್ದರು. ಹಿತ್ತಲ ಕಲ್ಲುಹಾಸು ಎದ್ದು ನೀರು ನಿಂತಿತ್ತು. ಕುಡಿಯುವ ನೀರಿನ ಪೀಪಾಯಿ ಕೊಳೆತು ತೊಟ್ಟಿಕ್ಕುತ್ತಿತ್ತು. ಕಸದ ತೊಟ್ಟಿಗೆ ಇಡೀ ಬೀದಿಯವರು ಕಸ ತಂದು ಸುರಿಯುತ್ತಿದ್ದರು.

ಆ ಕಾಲದ ಮನೆ ಮಾಲೀಕರು ಎಂಥವರಿದ್ದರು ಎನ್ನುವುದಕ್ಕೆ ಆಕೆಯೇ ದಾಖಲಿಸಿರುವ ಒಂದು ಸಂಗತಿ ಇದೆ. ಒಬ್ಬ ಮಾಲೀಕ ಕಸುಬಿನಲ್ಲಿ ಶವಸಂಸ್ಕಾರದ ಗುತ್ತಿಗೆದಾರ. ಬಾಡಿಗೆ ಬಾಕಿ ಬಹಳ ಬೀಳುತ್ತದಲ್ಲ ಎಂಬ ಮಾತು ಬಂದಾಗ, ತಾನು ಬಾಡಿಗೆಯನ್ನು ಅಷ್ಟಾಗಿ ನೆಚ್ಚಿಲ್ಲ, ಆ ಮನೆಗಳಿಂದ ಬರುವ ಸಾವುಗಳನ್ನು ನೆಚ್ಚಿದ್ದೇನೆ ಅಂತ ಅವನು ನಿರಾಳವಾಗಿ ಹೇಳಿದನಂತೆ. ಹೆಚ್ಚಿಗೆ ವಿವರಿಸುವುದು ಬೇಡ.

ರಿಪೇರಿಯ ಹಣ ಯಾರದು?

ಆಕ್ಟೇವಿಯಾ ಮೊದಲ ದಿನವೇ ಮನೆಗಳನ್ನು ಹೊಸದು ಮಾಡಿಬಿಡಲಿಲ್ಲ. ಅಲ್ಲೇ ಆಕೆಯ ಜಾಣತನ ಇರುವುದು. ಚರಂಡಿ, ನೀರು, ಸೂರು, ಈ ಮೂರನ್ನು ಕೂಡಲೇ ಸರಿ ಮಾಡಿಸಿದರು. ಇದು ಮಾಲೀಕನ ಋಣ, ಇದಕ್ಕೆ ಬಾಡಿಗೆದಾರನನ್ನು ಕಾಯಿಸಬಾರದು ಅನ್ನುವುದು ಆಕೆಯ ನಿಲುವು. ಉಳಿದ ಸುಧಾರಣೆಗಳು ಒಂದೊಂದಾಗಿ, ಅಲ್ಲಿ ವಾಸ ಮಾಡುವವರು ಜೋಪಾನ ಮಾಡುತ್ತ ಬಂದ ಹಾಗೆ ಬರಬೇಕು.

ವಾರಕ್ಕೊಮ್ಮೆ ಆಕೆಯೇ ಮನೆ ಮನೆಗೆ ಹೋಗಿ ಬಾಡಿಗೆ ವಸೂಲು ಮಾಡುತ್ತಿದ್ದರು. ಬಾಡಿಗೆ ವಿಷಯದಲ್ಲಿ ಭಾರಿ ಬಿಗಿ. ಬಾಕಿ ನಿಲ್ಲಿಸಿಕೊಂಡವರಿಗೆ ಮುಲಾಜಿಲ್ಲದೆ ನೋಟಿಸು. ಇಷ್ಟೊಂದು ಕಠಿಣವೇ ಅಂತ ಕೇಳಬಹುದು. ಆಕೆಯ ಲೆಕ್ಕದಲ್ಲಿ ಬಾಕಿ ಬಿಟ್ಟುಬಿಡುವುದು ಕರುಣೆಯಲ್ಲ. ಒಬ್ಬ ಸುಸ್ತಿದಾರನ ಬಾಡಿಗೆಯನ್ನು ಸರಿಯಾಗಿ ಕಟ್ಟುವ ಪಕ್ಕದ ಕೋಣೆಯವನೇ ಸೋರುವ ಸೂರಿನ ರೂಪದಲ್ಲಿ ಕಟ್ಟಬೇಕಾಗುತ್ತದೆ. ನಮ್ಮ ಸಂಘಗಳ ಕಟಬಾಕಿಯ ಕಥೆಯೂ ಇಷ್ಟೇ ಅಲ್ಲವೆ?

ಆದರೆ ಬಿಗಿ ಒಂದು ಕಡೆ ಮಾತ್ರ ಇರಲಿಲ್ಲ. ಬಾಡಿಗೆ ಕೇಳುವ ದಿನವೇ ದೂರು ಕೇಳುವ ದಿನವೂ ಹೌದು. ಯಾವ ಕಿಟಕಿ ಮುರಿದಿದೆ, ಯಾವ ಒಲೆ ಹೊಗೆ ಸುತ್ತುತ್ತಿದೆ, ಯಾರಿಗೆ ಕೆಲಸ ಹೋಗಿದೆ, ಯಾವ ಮಗು ಮಲಗಿದೆ, ಎಲ್ಲ ಆಕೆಗೆ ಗೊತ್ತಾಗುತ್ತಿತ್ತು. ಕೆಲಸ ಕಳೆದುಕೊಂಡವರಿಗೆ ದುಡ್ಡು ದಾನ ಮಾಡುವ ಬದಲು ವಠಾರದ ರಿಪೇರಿ, ಸುಣ್ಣಬಣ್ಣ, ಸ್ವಚ್ಛತೆಯ ಕೆಲಸ ಕೊಡುತ್ತಿದ್ದರು. ಅದಕ್ಕಾಗಿ ಅವಸರವಿಲ್ಲದ ರಿಪೇರಿಗಳನ್ನು ಕೂಲಿ ಸಿಗದ ಕಾಲಕ್ಕೆಂದೇ ಉಳಿಸಿಡುವುದೂ ಉಂಟು. ಮೆಟ್ಟಿಲು, ಓಣಿ ಗುಡಿಸಿ ತೊಳೆಯುವುದಕ್ಕೆ ವಠಾರದ ದೊಡ್ಡ ಹುಡುಗಿಯರಿಗೇ ಸಂಬಳ. ಎಲ್ಲರೂ ಓಡಾಡುವ ಮೆಟ್ಟಿಲಿಗೆ ಬೆಳಕು ಬಂದು ಅದು ಚೊಕ್ಕಟವಾದ ಮೇಲೆ, ಆ ಚೊಕ್ಕಟ ಮೆಲ್ಲಗೆ ಕೋಣೆಗಳ ಒಳಕ್ಕೂ ಹೋಯಿತು ಅಂತ ಆಕೆ ಬರೆದಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೊಂದು ಮನೆಗೂ ವರ್ಷಕ್ಕೆ ಇಂತಿಷ್ಟು ಅಂತ ರಿಪೇರಿ ಬಾಬ್ತು ಒಂದು ಮೊತ್ತವನ್ನು ಆಕೆ ತೆಗೆದಿಟ್ಟರು. ಅದನ್ನು ಗುಟ್ಟಾಗಿ ಇಡಲಿಲ್ಲ, ಬಾಡಿಗೆದಾರರಿಗೆಲ್ಲ ತಿಳಿಸಿದರು. ವರ್ಷದಲ್ಲಿ ಗಾಜು ಒಡೆದರೆ, ಬಾಗಿಲು ಮುರಿದರೆ ಅದರ ಖರ್ಚು ಇದರಿಂದಲೇ. ಖರ್ಚು ಕಳೆದು ಏನಾದರೂ ಉಳಿದರೆ ಆ ಉಳಿಕೆ ಮಾಲೀಕನ ಜೇಬಿಗೆ ಹೋಗುವುದಿಲ್ಲ. ಮನೆಗೆ ಇನ್ನೇನು ಬೇಕು ಎಂದು ಬಾಡಿಗೆದಾರರು ಹೇಳುತ್ತಾರೋ ಅದಕ್ಕೆ ಹೋಗುತ್ತದೆ.

ಕೇಳುವುದಕ್ಕೆ ಎಷ್ಟು ಸಣ್ಣ ನಿಯಮ! ಆದರೆ ಅದರ ಪರಿಣಾಮ ನೋಡಿ. ಅಲ್ಲಿಯವರೆಗೆ ಕಿಟಕಿಯ ಗಾಜು ಒಡೆದರೆ ನಷ್ಟ ಮಾಲೀಕನಿಗೆ, ಹುಡುಗರು ಕಲ್ಲು ಹೊಡೆದರೂ ಯಾರೂ ಕೇಳುತ್ತಿರಲಿಲ್ಲ. ಈಗ ಒಡೆದ ಗಾಜು ಅಂದರೆ ತಮಗೆ ಬರಬೇಕಾದ ಒಂದು ಕಪಾಟೋ ಒಲೆಯೋ ಕೈತಪ್ಪಿದ ಹಾಗೆ. ಕಾವಲುಗಾರ ಇಲ್ಲದೆಯೇ ಮನೆಗೆ ಕಾವಲು ಬಂತು. ಒಡೆಯುವ ಕೈಯನ್ನು ತಡೆಯುವ ಕೈ ಪಕ್ಕದ ಬಾಗಿಲಿನಿಂದಲೇ ಬಂತು. ಬೈಗುಳದಿಂದ, ದಂಡದಿಂದ ಆಗದ ಕೆಲಸ ತೆರೆದ ಲೆಕ್ಕದಿಂದ ಆಯಿತು. ವಠಾರದ ಆಡಳಿತದಲ್ಲಿ ವಾಸ ಮಾಡುವವರಿಗೂ ಒಂದು ಮಾತಿದೆ ಎಂಬುದಕ್ಕೆ ಲಂಡನ್ನಿನ ಆ ಗಲ್ಲಿಯಲ್ಲಿ ಸಿಕ್ಕ ಮೊದಲ ಪಾಠ ಇದು.

ಕೆಲಸ ಬೆಳೆದ ಬಗೆ

1866ರಲ್ಲಿ ರಸ್ಕಿನ್ ಹತ್ತಿರದಲ್ಲೇ ಫ್ರೆಶ್‌ವಾಟರ್ ಪ್ಲೇಸ್ ಎಂಬಲ್ಲಿ ಇನ್ನೂ ಐದು ಮನೆ ಕೊಂಡರು. ಅಲ್ಲಿನ ಹಾಳು ಜಾಗವನ್ನು ಆಕ್ಟೇವಿಯಾ ಮಕ್ಕಳ ಆಟದ ಬಯಲು ಮಾಡಿ ಗಿಡ ನೆಡಿಸಿದರು. ತಮ್ಮ ಮನೆಯ ಹಿಂದೆ ಒಂದು ಕೋಣೆಯನ್ನು ಬಾಡಿಗೆದಾರರ ಕೂಟಕ್ಕಾಗಿ ಬಿಟ್ಟರು. ಉಳಿತಾಯದ ಚೀಟಿ, ಹೊಲಿಗೆ ತರಗತಿ, ಹಾಡು ಹಸೆ ಎಲ್ಲ ಅಲ್ಲಿ ನಡೆದವು.

ಬಡ್ಡಿ ತಪ್ಪದೆ ಬರುವುದನ್ನು ಕಂಡು ಬೇರೆ ಅನುಕೂಲಸ್ಥರೂ ಮನೆಗಳನ್ನು ಕೊಂಡು ಆಕೆಗೆ ಒಪ್ಪಿಸತೊಡಗಿದರು. 1874ರ ಹೊತ್ತಿಗೆ 15 ವಠಾರಗಳು, ಸುಮಾರು 3,000 ಬಾಡಿಗೆದಾರರು ಆಕೆಯ ಆಡಳಿತದಲ್ಲಿದ್ದರು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕಾಗಿ ಹೆಂಗಸರ ಒಂದು ಪಡೆಯನ್ನೇ ತಯಾರು ಮಾಡಿದರು. ಬಾಡಿಗೆ ವಸೂಲಿ, ರಿಪೇರಿ ಅಂದಾಜು, ಚರಂಡಿ ಪರೀಕ್ಷೆ, ಲೆಕ್ಕ ಬರೆಯುವುದು, ಜನರೊಡನೆ ಮಾತು, ಎಲ್ಲವನ್ನೂ ಕಲಿಸಿದರು. ಮೊದಮೊದಲು ಇವರು ಸಂಬಳವಿಲ್ಲದ ಸೇವಕಿಯರು. ಆಮೇಲೆ ಇದೇ ಒಂದು ಉದ್ಯೋಗವಾಯಿತು. ಹೆಂಗಸರು ಮನೆಯಿಂದ ಹೊರಗೆ ಬಂದು ಆಸ್ತಿ ಆಡಳಿತ ನೋಡುವುದು ಎಂದರೆ ಆ ಕಾಲಕ್ಕೆ ದೊಡ್ಡ ಮಾತು.

1875ರಲ್ಲಿ ಆಕೆಯ ಲೇಖನಗಳು ಲಂಡನ್ನಿನ ಬಡವರ ಮನೆಗಳನ್ನು ಕುರಿತ ಪುಸ್ತಕವಾಗಿ ಬಂದವು. ಬೇರೆ ದೇಶದವರೂ ಬಂದು ನೋಡಿ ಕಲಿತರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1896ರಲ್ಲಿ ಆಕೆಯ ಹೆಸರಿನದೇ ಒಂದು ಸಂಸ್ಥೆ ಹುಟ್ಟಿತು. ಹಾಲೆಂಡಿನಿಂದಲೂ ಹೆಣ್ಣುಮಕ್ಕಳು ಬಂದು ತರಬೇತಿ ಪಡೆದರು. 1884ರಲ್ಲಿ ಚರ್ಚಿನ ಆಸ್ತಿ ನೋಡಿಕೊಳ್ಳುವ ಮಂಡಲಿಯವರು ಸೌತ್‌ವಾರ್ಕ್ ಭಾಗದ ತಮ್ಮ ಮನೆಗಳನ್ನು ಸುಧಾರಿಸಿಕೊಡಿ ಅಂತ ಆಕೆಯನ್ನು ಕರೆದರು. ಅಲ್ಲಿ ಕಟ್ಟಿಸಿದ ರೆಡ್‌ಕ್ರಾಸ್ ಗುಡಿಸಲು ಮಾದರಿಯ ಮನೆಗಳು, ಜನರ ಸಭಾಭವನ, ಸಣ್ಣ ತೋಟ ಹೆಸರುವಾಸಿಯಾದವು.

ಹಾಗಂತ ಎಲ್ಲವೂ ಸುಸೂತ್ರವಾಗಿ ನಡೆಯಿತು ಅಂತಲ್ಲ. 1877ರಲ್ಲಿ ರಸ್ಕಿನ್‌ರೊಡನೆ ಮನಸ್ತಾಪ ಬಂತು. ಅವರು ಅದನ್ನು ಅಚ್ಚು ಹಾಕಿಸಿ ಬಯಲಿಗೂ ತಂದರು. ಹತ್ತು ಹನ್ನೆರಡು ವರ್ಷದ ದುಡಿತದ ದಣಿವು, ಅದರ ಮೇಲೆ ಈ ಪೆಟ್ಟು. ಆಕೆಯ ಆರೋಗ್ಯ ಮುರಿದು ಬಿತ್ತು. ಕೆಲಕಾಲ ಪರದೇಶಗಳಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. ಆಗಲೂ ವಠಾರಗಳ ಆಡಳಿತ ನಿಲ್ಲಲಿಲ್ಲ. ತಾವು ಕಲಿಸಿದ ಜೊತೆಗಾರ್ತಿಯರು ನಡೆಸಿಕೊಂಡು ಹೋದರು. ನಡೆಸುವವರು ಹಾಸಿಗೆ ಹಿಡಿದಾಗಲೂ ನಡೆಯುವ ಸಂಸ್ಥೆಯೇ ಗಟ್ಟಿ ಸಂಸ್ಥೆ.

ಲೆಕ್ಕದ ವಿಷಯದಲ್ಲಿ ಆಕೆಯ ಶಿಸ್ತು ನಮ್ಮ ಆಡಿಟ್ ಸಾಹೇಬರೂ ಮೆಚ್ಚುವಂಥದ್ದು. 1872ರಿಂದ ಸಾಯುವ ಹಿಂದಿನ ವರ್ಷದವರೆಗೂ ಜೊತೆ ಕೆಲಸ ಮಾಡುವವರಿಗೆ ವರ್ಷಕ್ಕೊಂದು ಪತ್ರ ಅಚ್ಚು ಹಾಕಿಸಿ ಕಳಿಸುತ್ತಿದ್ದರು. ಅದರಲ್ಲಿ ಆ ವರ್ಷದ ಕೆಲಸ, ಬಂದ ದೇಣಿಗೆ, ಖರ್ಚಾದ ಬಾಬ್ತು ಎಲ್ಲದರ ವಿವರ ಇರುತ್ತಿತ್ತು.

ಬಯಲು ಎಲ್ಲರದು

ಮನೆ ಚೆನ್ನಾಗಿದ್ದರೆ ಸಾಲದು, ಹೊರಗೆ ಬಂದು ಉಸಿರಾಡಲು ಬಯಲು ಬೇಕು ಅನ್ನುವುದು ಆಕೆಯ ಇನ್ನೊಂದು ಹಟ. ಪಟ್ಟಣ ಬೆಳೆದ ಹಾಗೆಲ್ಲ ಹುಲ್ಲುಗಾವಲುಗಳ ಮೇಲೆ ಕಟ್ಟಡ ಏಳುತ್ತಿದ್ದವು. ನಮ್ಮ ಗೋಮಾಳಗಳ ಗತಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1875ರಲ್ಲಿ ಸ್ವಿಸ್ ಕಾಟೇಜ್ ಬಳಿಯ ಹೊಲಗಳನ್ನು ಉಳಿಸಲು ಚಂದಾ ಎತ್ತಿದರು, ಆಗಲಿಲ್ಲ. ಆದರೂ ಬಿಡದೆ ಹೋರಾಡಿ ಪಾರ್ಲಿಮೆಂಟ್ ಹಿಲ್ ಎಂಬ ಗುಡ್ಡವನ್ನು ಜನರಿಗೆ ಉಳಿಸಿಕೊಡುವುದರಲ್ಲಿ ಆಕೆ ದೊಡ್ಡ ಪಾತ್ರ ವಹಿಸಿದರು. 1895ರಲ್ಲಿ ರಾಬರ್ಟ್ ಹಂಟರ್, ಪಾದ್ರಿ ರಾನ್ಸ್‌ಲಿ ಇವರೊಡನೆ ಸೇರಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ಜನರ ಪರವಾಗಿ ಗುಡ್ಡ, ಕಡಲ ದಂಡೆ, ಹಳೆಯ ಕಟ್ಟಡಗಳನ್ನು ಕಾಯುವ ಆ ಸಂಸ್ಥೆ ಇಂದಿಗೂ ಇದೆ.

1887ರಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವಕ್ಕೆ ಗಂಡನ ಹೆಸರಿನಿಂದಲ್ಲ, ತಮ್ಮ ಸ್ವಂತ ಕೆಲಸದಿಂದಲೇ ಆಹ್ವಾನ ಪಡೆದ ಕೆಲವೇ ಹೆಂಗಸರಲ್ಲಿ ಆಕೆ ಒಬ್ಬರು. ಆದರೆ ಅದಕ್ಕೆ ಮೂರು ವರ್ಷ ಹಿಂದೆ ಬಡವರ ವಸತಿ ಕುರಿತ ರಾಯಲ್ ಆಯೋಗ ನೇಮಕವಾದಾಗ, ಈ ವಿಷಯದಲ್ಲಿ ಆಕೆಗಿಂತ ಬಲ್ಲವರಿಲ್ಲದಿದ್ದರೂ, ಹೆಣ್ಣು ಅನ್ನುವ ಕಾರಣಕ್ಕೆ ಸದಸ್ಯತ್ವ ತಪ್ಪಿತು. ಬೇಸರ ಮಾಡಿಕೊಳ್ಳದೆ ಆಯೋಗದ ಮುಂದೆ ಹೋಗಿ ಸಾಕ್ಷ್ಯ ಹೇಳಿ ಬಂದರು. 1905ರಲ್ಲಿ ಬಡವರ ಪರಿಹಾರ ಕಾನೂನಿನ ಆಯೋಗಕ್ಕೆ ಮಾತ್ರ ಆಕೆಯನ್ನು ಸದಸ್ಯೆಯಾಗಿ ತೆಗೆದುಕೊಂಡರು.

1912ರ ಆಗಸ್ಟ್ 13ರಂದು, ತಮ್ಮ 73ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ದೊಡ್ಡವರನ್ನು ಮಣ್ಣು ಮಾಡುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡುತ್ತೇವೆ ಎಂದರೂ ಮನೆಯವರು ಬೇಡವೆಂದರು. ಕೆಂಟ್ ಸೀಮೆಯ ಕ್ರಾಕಮ್ ಹಿಲ್ ಎಂಬ ಹಳ್ಳಿಯಲ್ಲಿ ಸಮಾಧಿ ಆಯಿತು.

ಆಕೆ ನಿಂತ ಜಾಗ

ಹಿರಿಯರನ್ನು ಹೊಗಳುವಾಗ ಅವರ ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ಆಕ್ಟೇವಿಯಾ ಬಾಡಿಗೆದಾರರಿಗೆ ಉಳಿಕೆ ಹಣದ ಮೇಲೆ ಮಾತು ಕೊಟ್ಟರು, ಕೆಲಸ ಕೊಟ್ಟರು, ಮರ್ಯಾದೆ ಕೊಟ್ಟರು. ಆದರೆ ಬೀಗದ ಕೈ ಕೊಡಲಿಲ್ಲ. ಬಾಡಿಗೆ ಎಷ್ಟು, ಯಾರನ್ನು ಒಳಗೆ ಸೇರಿಸಬೇಕು, ಯಾರನ್ನು ಖಾಲಿ ಮಾಡಿಸಬೇಕು, ರಿಪೇರಿಗೆ ಎಷ್ಟು ತೆಗೆದಿಡಬೇಕು, ಇವೆಲ್ಲ ಕಡೆಯವರೆಗೂ ಆಕೆಯ ಮತ್ತು ಆಕೆಯ ಜೊತೆಗಾರ್ತಿಯರ ತೀರ್ಮಾನವೇ. ಆಕೆ ತಾಯಿಯ ಹಾಗೆ ಕಂಡರು. ತಾಯಿಯ ಹಾಗೆಯೇ ಮಕ್ಕಳು ದೊಡ್ಡವರಾದದ್ದು ಆಕೆಗೆ ತಿಳಿಯಲಿಲ್ಲ ಅನ್ನಬೇಕು. ನಗರಸಭೆಗಳು ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದು, ಮುದುಕರಿಗೆ ಸರಕಾರ ಪಿಂಚಣಿ ಕೊಡುವುದು, ಹೆಂಗಸರಿಗೆ ಓಟಿನ ಹಕ್ಕು, ಇವನ್ನೂ ಆಕೆ ವಿರೋಧಿಸಿದರು. ಇಷ್ಟು ಹೆಂಗಸರನ್ನು ಆಡಳಿತಕ್ಕೆ ತಯಾರು ಮಾಡಿದವರೇ ಹೀಗೆ ನಿಂತದ್ದು ಸೋಜಿಗ.

ಆಕೆಯ ಪದ್ಧತಿಯ ಬಾಡಿಗೆ ವಸೂಲಿ ಕೆಲಸಕ್ಕೆ 1885ರಲ್ಲಿ ಬಿಯಾಟ್ರಿಸ್ ಪಾಟರ್ ಎಂಬ ತರುಣಿ ಸೇರಿದರು. ಲಂಡನ್ನಿನ ಹಡಗುಕಟ್ಟೆಯ ಹತ್ತಿರದ ದೊಡ್ಡ ಕಟ್ಟಡವೊಂದರಲ್ಲಿ ದುಡಿದ ಅವರು, ಒಳ್ಳೆ ಮನಸ್ಸಿನ ವಸೂಲಿಗಾರ್ತಿಯರಷ್ಟರಿಂದಲೇ ಬಡತನ ನೀಗುವುದಿಲ್ಲ ಎಂದು ಕಂಡುಕೊಂಡರು. 1891ರಲ್ಲಿ ಬ್ರಿಟನ್ನಿನ ಸಹಕಾರ ಚಳವಳಿಯ ಮೇಲೆ ಅವರು ಬರೆದ ಪುಸ್ತಕ ಇಂದಿಗೂ ಪ್ರಸಿದ್ಧ. ಮದುವೆಯ ನಂತರ ಬಿಯಾಟ್ರಿಸ್ ವೆಬ್ ಎಂದು ಹೆಸರಾದವರು ಇವರೇ.

ಬೀಗದ ಕೈ ಬಾಡಿಗೆದಾರರಿಗೆ

ಆಕ್ಟೇವಿಯಾ ಬದುಕಿದ್ದಾಗಲೇ ಮುಂದಿನ ಹೆಜ್ಜೆಯನ್ನು ಬೇರೆಯವರು ಇಟ್ಟರು. 1901ರಲ್ಲಿ ಲಂಡನ್ ಹತ್ತಿರದ ಈಲಿಂಗ್‌ನಲ್ಲಿ ಹೆನ್ರಿ ವಿವಿಯನ್ ಎಂಬ ಬಡಗಿ ಮೂಲದ ಸಹಕಾರಿ ಧುರೀಣರ ಮುಂದಾಳತ್ವದಲ್ಲಿ ಕಟ್ಟಡ ಕೆಲಸದವರು ಕೂಡಿ ಈಲಿಂಗ್ ಟೆನೆಂಟ್ಸ್ ಎಂಬ ಸಂಘ ಕಟ್ಟಿದರು. ಮೊದಲು ಕಟ್ಟಿದ್ದು ಒಂಬತ್ತು ಮನೆ. ಆಮೇಲೆ ಅದು ಬ್ರೆಂಟಮ್ ಎಂಬ ಬಡಾವಣೆಯೇ ಆಯಿತು.

ಇದರ ಕ್ರಮ ಹೀಗೆ. ಜಮೀನು, ಮನೆ ಎಲ್ಲ ಸಂಘದ್ದು. ವಾಸ ಮಾಡುವವನು ಸಂಘದ ಷೇರು ತೆಗೆದುಕೊಂಡು ಸದಸ್ಯನಾಗುತ್ತಾನೆ, ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ. ಬಾಡಿಗೆಯನ್ನು ಸಂಘಕ್ಕೇ ಕಟ್ಟುತ್ತಾನೆ. ಬಂಡವಾಳಕ್ಕೆ ಬಡ್ಡಿ ಶೇಕಡಾ 5ಕ್ಕಿಂತ ಹೆಚ್ಚಿಲ್ಲ. ಖರ್ಚು, ರಿಪೇರಿ, ನಿಧಿ ಎಲ್ಲ ಕಳೆದು ಮಿಕ್ಕ ಲಾಭವನ್ನು ಅವರವರು ಕಟ್ಟಿದ ಬಾಡಿಗೆಯ ಪ್ರಮಾಣದಲ್ಲಿ ಅವರ ಷೇರಿನ ಖಾತೆಗೆ ಜಮೆ ಮಾಡುತ್ತಾರೆ. ಹೀಗೆ ಬಾಡಿಗೆದಾರನೇ ಮಾಲೀಕ, ಮಾಲೀಕನೇ ಬಾಡಿಗೆದಾರ. ಆಕ್ಟೇವಿಯಾರ ಶೇಕಡಾ ಐದೂ ಇಲ್ಲಿದೆ, ಉಳಿಕೆ ಬಾಡಿಗೆದಾರನಿಗೆ ಅನ್ನುವ ನಿಯಮವೂ ಇದೆ. ಆಕೆ ಕೈಬಿಟ್ಟ ಬೀಗದ ಕೈಯೂ ಸೇರಿಕೊಂಡಿತು.

ಈ ಪದ್ಧತಿ ಕಡಲು ದಾಟಿ ನಮ್ಮ ಕಡೆಗೂ ಬಂತು. ಮುಂಬಯಿಯ ಗಾಂವ್‌ದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿದ್ದು ಇದೇ ಬಾಡಿಗೆದಾರರ ಸಹಭಾಗಿತ್ವದ ಮಾದರಿಯ ಮೇಲೆ. ಅದನ್ನು ಕಟ್ಟಿದವರು ಕೆನರಾ ಸೀಮೆಯಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಹೋದ ಸಾರಸ್ವತರು. ಮುಂದೆ ನಿಂತು ದುಡಿದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲಮಕಿ. ಪರಊರಲ್ಲಿ ಬಾಡಿಗೆ ಕೋಣೆಗಾಗಿ ಅಲೆಯುತ್ತಿದ್ದ ನಮ್ಮ ಕಡೆಯ ಗುಮಾಸ್ತರಿಗೆ ಅದು ತಮ್ಮದೇ ಸೂರಾಯಿತು.

ಆದರೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈಲಿಂಗ್ ಸಂಘಕ್ಕೆ ಬೇಗ ಬೆಳೆಯುವ ಆಸೆಗೆ ಹೊರಗಿನವರ ಬಂಡವಾಳ ಹೆಚ್ಚುತ್ತ ಬಂತು. ಬಾಡಿಗೆದಾರರ ಪಾಲು ಸಣ್ಣದಾಗುತ್ತ ಹೋಯಿತು. 1930ರ ದಶಕದಲ್ಲಿ ಆ ಮನೆಗಳ ಒಡೆತನ ಅಲ್ಲಿಯ ನಿವಾಸಿಗಳ ಕೈಯಿಂದ ಜಾರಿ ಹೊರಗಿನ ಕಂಪನಿಯ ಪಾಲಾಯಿತು. ಬೀಗದ ಕೈ ಸಿಕ್ಕರೆ ಸಾಲದು, ಅದನ್ನು ಸೊಂಟದಲ್ಲೇ ಇಟ್ಟುಕೊಳ್ಳಬೇಕು.

ಇಂಗ್ಲೆಂಡಿನಲ್ಲಿ 1994ರಲ್ಲಿ ನಗರಸಭೆಯ ಮನೆಗಳಲ್ಲಿ ವಾಸ ಮಾಡುವವರು ತಾವೇ ಸಂಘ ಕಟ್ಟಿಕೊಂಡು ಆಡಳಿತ ವಹಿಸಿಕೊಳ್ಳುವ ಹಕ್ಕಿಗೆ ನಿಯಮಗಳು ಬಂದವು. ಆಕ್ಟೇವಿಯಾ ಪ್ಯಾರಡೈಸ್ ಪ್ಲೇಸಿನ ಬಾಗಿಲು ತಟ್ಟಿ ಅಷ್ಟು ಹೊತ್ತಿಗೆ ನೂರ ಇಪ್ಪತ್ತೊಂಬತ್ತು ವರ್ಷ ಕಳೆದಿತ್ತು.

ನಮಗೇನು ಪಾಠ

ನಮ್ಮದು ಹಳ್ಳಿಯ ಸಂಘ. ಇಲ್ಲಿ ವಠಾರ ಇಲ್ಲ, ವಾರದ ಬಾಡಿಗೆ ಇಲ್ಲ. ಇಲ್ಲಿರುವುದು ಗೊಬ್ಬರ, ಬೀಜ, ಬೆಳೆಸಾಲ, ನ್ಯಾಯಬೆಲೆ ಅಂಗಡಿಯ ವ್ಯವಹಾರ. ಆದರೂ ಆಕ್ಟೇವಿಯಾರ ಲೆಕ್ಕ ಇಲ್ಲಿಗೂ ಸರಿಹೊಂದುತ್ತದೆ. ಕಟ್ಟಬೇಕಾದ ಕಂತನ್ನು ಬಿಗಿಯಾಗಿ ಕೇಳುವ ಸಂಘ, ಅಷ್ಟೇ ಬಿಗಿಯಾಗಿ ತನ್ನ ಲೆಕ್ಕವನ್ನು ತೆರೆದಿಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅದು ಸಾಹುಕಾ­ರಿಕೆ ಆದೀತು, ಸಹಕಾರ ಆಗುವುದಿಲ್ಲ. ಇಷ್ಟು ಹಣ ರಿಪೇರಿಗೆ ಇದೆ, ಇಷ್ಟು ಉಳಿದಿದೆ, ಏನು ಮಾಡೋಣ ಹೇಳಿ ಅಂತ ಸದಸ್ಯರನ್ನು ಕೇಳುವ ದಿನ ಗೋದಾಮಿನ ಹೆಂಚಿಗೆ ಸಾವಿರ ಕಣ್ಣಿನ ಕಾವಲು ಬರುತ್ತದೆ.

ಹಾಗೆ ಕೇಳಿದಾಗ ಉತ್ತರ ಹೇಳುವುದಕ್ಕೆ ಸದಸ್ಯರೂ ಇರಬೇಕಲ್ಲ? ಮಹಾಸಭೆ ಅಂದರೆ ಕೋರಂ ಇಲ್ಲದೆ ಒಂದು ಗಂಟೆ ಮುಂದೂಡಿ, ಬಂದ ಹತ್ತು ಜನ ಉಪ್ಪಿಟ್ಟು ಕಾಫಿ ಮುಗಿಸಿ ಠರಾವಿಗೆ ಕೈ ಎತ್ತಿ ಹೋಗುವುದು ಎಂದಾದರೆ, ಬೀಗದ ಕೈಯನ್ನು ನಾವೇ ಬೇರೆಯವರ ಮುಂದೆ ಇಟ್ಟ ಹಾಗೆ. ಆಡಳಿತ ಮಂಡಲಿ ಎಷ್ಟೇ ಒಳ್ಳೆಯದಿರಲಿ, ಒಳ್ಳೆ ತಾಯಿಯ ಹಾಗೆ ನೋಡಿಕೊಳ್ಳಲಿ, ಸದಸ್ಯರು ಮಕ್ಕಳಾಗಿಯೇ ಉಳಿಯಬಾರದು.

ಬೆಳ್ಳಿಹಬ್ಬ ಕಂಡ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಆ ದಿನ ಬರೆಯುವವರು ಗೋದಾಮು ಎಷ್ಟು ದೊಡ್ಡದಾಯಿತು, ಠೇವಣಿ ಎಷ್ಟು ಬೆಳೆಯಿತು ಅನ್ನುವುದರ ಜೊತೆಗೆ ಮಹಾಸಭೆಯಲ್ಲಿ ಎಷ್ಟು ಜನ ಎದ್ದು ನಿಂತು ಲೆಕ್ಕ ಕೇಳಿದರು, ಅವರಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳು ಎಂಬುದನ್ನೂ ಬರೆಯುವಂತಾಗಲಿ. ಇದೇ ನಮ್ಮ ಹಾರೈಕೆ.